ಬ್ಲಡ್ ಕಲೆಕ್ಷನ್: ಒಬ್ಬೊಬ್ಬ ಸೀನಿಯರ್ ಒಂದೊಂದು ಹೇಳ್ತಾರ, ಯಾರ ಮಾತು ಕೇಳ್ಲಿ?

ಹಾವೇರಿಹುಡುಗ
ನಮಸ್ಕಾರ್ರೀ ಎಲ್ಲಾರಿಗೂ. ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗದೈತಿ, ಸೋಮವಾರದಿಂದ ಒಂದ್ ಆಸ್ಪತ್ರ್ಯಾಗ ಓಪಿಡಿ ಕಲೆಕ್ಷನ್ ರೂಮಿಗೆ ಹಾಕ್ಯಾರ. ಸೂಜಿ ಚುಚ್ಚಾಕ ಅಂಜಿಕಿ ಏನಿಲ್ಲ, ಕಾಲೇಜಿನ್ಯಾಗ ಒಬ್ರ ಕೈ ಒಬ್ರು ಚುಚ್ಚಿ ಚುಚ್ಚಿ ರೂಢಿ ಆಗೇತಿ. ಆದ್ರ ಪೋಸ್ಟಿಂಗ್‌ನ್ಯಾಗ ನೋಡಿದ್ದು ಒಂದೊಂದ್ ಕಡೆ ಒಂದೊಂದ್ ನಮೂನಿ. ಒಬ್ಬ ಸರ್ ಟರ್ನಿಕೆಟ್ (ತೋಳಿಗೆ ಬಿಗಿಯೂ ಪಟ್ಟಿ) ಕಟ್ಟಿದ ಮ್ಯಾಲ ಮುಷ್ಟಿ ಹಿಡಿ-ಬಿಡು-ಹಿಡಿ-ಬಿಡು ಅಂತ ಮಾಡಸ್ತಾರ, ಇನ್ನೊಬ್ರು ಅದನ್ನ ಮಾಡಿಸಿದ್ರ ಬೈತಾರ. ಒಬ್ರು ಗ್ಲೌಸ್ ಹಾಕ್ಕೊಂಡು ತೋರಬೆರಳಿನ ತುದಿ ಮಾತ್ರ ಹರದ್ ಬಿಡ್ತಾರ, ವೇನ್ (ರಕ್ತ ತಗಿಯೂ ನಾಳ) ಕೈಗೆ ಗೊತ್ತಾಗ್ಬೇಕಂತ. ಒಬ್ರು ಪರ್ಪಲ್ ಮುಚ್ಚಳದ ಟ್ಯೂಬ್ ಮೊದಲ ತುಂಬಸ್ತಾರ, ಒಬ್ರು ರೆಡ್ ಮೊದಲ ಅಂತಾರ. ಸೂಜಿಗೆ ವಾಪಸ್ ಕ್ಯಾಪ್ ಹಾಕೂ ವಿಷಯದಾಗಂತೂ ಇಬ್ರು ಜಗಳಾನ ಆಡಿದ್ರು. ಪೇಷಂಟಿಗೂ ತ್ರಾಸ ಆಗಬಾರದು, ನನಗೂ ಏನೂ ಹತ್ತಬಾರದು, ಲ್ಯಾಬಿನಿಂದ ಸ್ಯಾಂಪಲ್ ವಾಪಸ್ಸೂ ಬರಬಾರದು. ದಿನಾ ಕೆಲಸ ಮಾಡೋರು ಸ್ವಲ್ಪ ಬಿಡಿಸಿ ಹೇಳ್ರಿ.

ಲ್ಯಾಬಣ್ಣ_ಮೈಸೂರು
ತಮ್ಮಾ, ನೀನ್ ಕೇಳಿರೋ ಪಟ್ಟಿಲಿ ಒಂದು ಬಿಟ್ಟೋಗಿದೆ, ಅದೇ ಎಲ್ಲಕ್ಕಿಂತ ಮುಖ್ಯ. ಎದುರಿಗೆ ಕೂತಿರೋರು ಯಾರು ಅಂತ ಖಾತ್ರಿ ಮಾಡ್ಕೊಳ್ಳೋದು. ವೇನ್ ಸಿಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಚುಚ್ಬೋದು, ನೀಲಿಗಟ್ಟಿದ್ರೆ ಒಂದೆರಡು ವಾರದಲ್ಲಿ ಹೋಗುತ್ತೆ, ಆದ್ರೆ ಒಬ್ರ ರಕ್ತ ಇನ್ನೊಬ್ರ ಹೆಸರಿನ ಟ್ಯೂಬ್‌ಗೆ ಹೋಗಿ, ಅದೂ ಗ್ರೂಪಿಂಗ್ ಕ್ರಾಸ್‌ಮ್ಯಾಚ್ (ರಕ್ತ ಏರಿಸೋಕೆ ಮುಂಚೆ ಹೊಂದುತ್ತಾ ಅಂತ ನೋಡೋ) ಸ್ಯಾಂಪಲ್ ಆಗಿದ್ರೆ, ಓ ಗ್ರೂಪಿನವ್ರಿಗೆ ಎ ಗ್ರೂಪಿನ ರಕ್ತ ಏರಿಸಿ ಪ್ರಾಣಕ್ಕೇ ಕುತ್ತು ಬರುತ್ತೆ. ಲ್ಯಾಬಲ್ಲಿ ಎಷ್ಟು ದೊಡ್ಡ ಮೆಷಿನ್ ಇದ್ರೂ ಟ್ಯೂಬಲ್ಲಿರೋದು ಯಾರ ರಕ್ತ ಅಂತ ಅದು ಹೇಳಲ್ಲ.

"ನೀವು ಮಂಜುನಾಥ್ ಅವ್ರಾ?" ಅಂತ ಮಾತ್ರ ಕೇಳ್ಬೇಡ. ವಯಸ್ಸಾದವ್ರು, ಕಿವಿ ಮಂದ ಇರೋರು, ಗಾಬರಿಲಿರೋರು ಏನ್ ಕೇಳಿದ್ರೂ ಹೂಂ ಅಂತ ತಲೆ ಆಡಿಸ್ತಾರೆ. "ನಿಮ್ಮ ಹೆಸರೇನು, ತಂದೆ ಹೆಸರೇನು, ವಯಸ್ಸೆಷ್ಟು" ಅಂತ ಅವ್ರ ಬಾಯಿಂದಾನೇ ಬರಿಸಿ ಚೀಟಿ ಜೊತೆ ತಾಳೆ ನೋಡು. ಒಂದೇ ಓಪಿಡಿಲಿ ಎರಡ್ಮೂರು ಮಂಜುನಾಥ, ಅಷ್ಟೇ ಜನ ಲಕ್ಷ್ಮಮ್ಮ ಇದ್ದೇ ಇರ್ತಾರೆ, ಅದಕ್ಕೆ ಹೆಸರಿನ ಜೊತೆ ಓಪಿಡಿ ನಂಬರ್ರೋ ಹುಟ್ಟಿದ ತಾರೀಕೋ ಇನ್ನೊಂದು ಗುರುತು ಬೇಕೇ ಬೇಕು. ವಾರ್ಡಲ್ಲಾದ್ರೆ ಬೆಡ್ ನಂಬರ್ ನಂಬ್ಲೇಬೇಡ, ಫ್ಯಾನ್ ಕೆಳಗಿನ ಹಾಸಿಗೆ ಬೇಕು ಅಂತ ರಾತ್ರೋರಾತ್ರಿ ಬದಲಾಯಿಸ್ಕೊಂಡಿರ್ತಾರೆ.

ಲೇಬಲ್ ಹಚ್ಚೋದು ರಕ್ತ ತೆಗೆದ ಮೇಲೆ, ಪೇಷಂಟ್ ಕುರ್ಚಿ ಬಿಟ್ಟು ಏಳೋಕೆ ಮುಂಚೆ, ಅವ್ರ ಮುಂದೇನೇ. ಬೆಳಗ್ಗೆನೇ ಹತ್ತು ಜನರ ಟ್ಯೂಬ್‌ಗೆ ಹೆಸರು ಬರೆದು ಸ್ಟ್ಯಾಂಡಲ್ಲಿ ಜೋಡಿಸಿಟ್ಕೊಳ್ಳೋರು ಇದಾರೆ, ಮಧ್ಯದಲ್ಲೊಬ್ರು ಟಾಯ್ಲೆಟ್‌ಗೆ ಹೋದ್ರೆ ಸಾಕು ಆಮೇಲಿಂದೆಲ್ಲಾ ಒಂದೊಂದು ಮುಂದಕ್ಕೆ ಜರುಗುತ್ತೆ.

ಆಮೇಲೆ ಕಟ್ಟೋಕೆ ಮುಂಚೆ ನಾಲ್ಕು ಮಾತು ಕೇಳು. ಮುಂಚೆ ರಕ್ತ ಕೊಡುವಾಗ ತಲೆ ಸುತ್ತಿ ಬಿದ್ದಿದ್ರಾ? ರಕ್ತ ತೆಳು ಆಗೋ ಮಾತ್ರೆ ತಗೊಳ್ತೀರಾ? ಸ್ತನದ ಆಪರೇಷನ್ ಆಗಿದ್ಯಾ, ಯಾವ ಕಡೆ? ಡಯಾಲಿಸಿಸ್ ಏನಾದ್ರೂ? ಫಾಸ್ಟಿಂಗ್ ಅಂದ್ರೆ ಏನೇನ್ ಬಿಟ್ಟಿದೀರಾ ಅಂತಾನೂ ಕೇಳು, ಯಾಕಂದ್ರೆ "ಏನೂ ತಿಂದಿಲ್ಲ, ಬರೀ ಕಾಫಿ" ಅನ್ನೋರು ದಿನಾ ಸಿಗ್ತಾರೆ. ನೀರು ಕುಡಿಬೋದು, ಕುಡಿದ್ರೆ ಒಳ್ಳೇದೇ, ವೇನ್ ಚೆನ್ನಾಗಿ ಸಿಗುತ್ತೆ.

ಕುಡ್ಲ_ಸಿಸ್ಟರ್
ಲ್ಯಾಬಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಕೈ ಕೆಲಸದ್ದು ನಾನು ಹೇಳ್ತೇನೆ.

ಗ್ಲೌಸಿನ ಬೆರಳು ಹರಿಯುವುದು ಎಲ್ಲಾ ಕಡೆ ಉಂಟು ಮಾರಾಯ್ರೆ, ನೋಡಿ ನೋಡಿ ಸಾಕಾಗಿದೆ. ರಕ್ತ ತಾಗುವ ಬೆರಳೇ ಅದು, ಅದನ್ನೇ ಬರಿದು ಬಿಟ್ರೆ ಉಳಿದ ನಾಲ್ಕಕ್ಕೆ ಗ್ಲೌಸ್ ಯಾಕೆ? ಸೈಜ್ ಸರಿ ಇರುವ ಗ್ಲೌಸ್ ಹಾಕಿದ್ರೆ ವೇನ್ ಆರಾಮಲ್ಲಿ ಗೊತ್ತಾಗ್ತದೆ, ದೊಡ್ಡ ಸೈಜ್ ಒಂದೇ ತರಿಸಿ ಇಡ್ತಾರೆ ಅದರಿಂದಾಗಿ ಈ ಅವತಾರ. ಬೇಕಿದ್ರೆ ಮೊದಲು ಕೈ ತೊಳೆದು ಬರಿಗೈಯಲ್ಲಿ ವೇನ್ ಹುಡುಕಿ ಇಡಿ, ಮತ್ತೆ ಗ್ಲೌಸ್ ಹಾಕಿ ಕ್ಲೀನ್ ಮಾಡಿ ಚುಚ್ಚಿ. ಒಬ್ಬರಿಗೆ ಹಾಕಿದ ಗ್ಲೌಸ್ ಇನ್ನೊಬ್ಬರಿಗೆ ಇಲ್ಲ, ಅದರ ಮೇಲೆ ಸ್ಯಾನಿಟೈಸರ್ ಉಜ್ಜುವುದೂ ಇಲ್ಲ.

ಟರ್ನಿಕೆಟ್ ಚುಚ್ಚುವ ಜಾಗದಿಂದ ನಾಲ್ಕೈದು ಬೆರಳಷ್ಟು ಮೇಲೆ. 1 ನಿಮಿಷಕ್ಕಿಂತ ಜಾಸ್ತಿ ಬಿಗಿದು ಇಡ್ಲಿಕ್ಕಿಲ್ಲ, ರಕ್ತ ಅಲ್ಲೇ ನಿಂತು ಗಟ್ಟಿ ಆಗಿ ಪ್ರೋಟೀನ್, ಕ್ಯಾಲ್ಸಿಯಂ ಎಲ್ಲ ಸುಳ್ಳೇ ಏರ್ತದೆ. ಮುಷ್ಟಿ ಮೆಲ್ಲ ಹಿಡೀಲಿಕ್ಕೆ ಹೇಳಿ ಸಾಕು, ಹಿಡಿ ಬಿಡು ಪಂಪ್ ಮಾಡಿಸಿದ್ರೆ ಪೊಟಾಷಿಯಂ ಏರ್ತದೆ, ಬೈಯುವ ಸೀನಿಯರ್ರೇ ಸರಿ. ವೇನ್ ಮೇಲೆ ಪಟಪಟ ಹೊಡೆಯುವುದು ಕೂಡ ಬೇಡ. ಸಿಗ್ಲಿಲ್ವಾ, ಕೈ ಕೆಳಗೆ ಇಳಿಬಿಡ್ಲಿಕ್ಕೆ ಹೇಳಿ, ಬೆಚ್ಚಗಿನ ಬಟ್ಟೆ ಮೂರ್ನಾಲ್ಕು ನಿಮಿಷ ಇಡಿ, ಮಳೆಗಾಲದಲ್ಲಿ ಎಸಿ ರೂಮಲ್ಲಿ ಕೂತವರಿಗೆ ಅದೊಂದರಲ್ಲೇ ವೇನ್ ಎದ್ದು ಬರ್ತದೆ.

ಮೊಣಕೈ ಮಡಿಕೆಯ ಮಧ್ಯದ ವೇನ್ ಮೊದಲ ಆಯ್ಕೆ, ಅದು ಅಲ್ಲಾಡುವುದಿಲ್ಲ. ಹೊರಗಿನದ್ದು, ಅಂದ್ರೆ ಹೆಬ್ಬೆರಳು ಕಡೆಯದ್ದು ಎರಡನೇದು. ಒಳಗಿನದ್ದು, ಕಿರುಬೆರಳು ಕಡೆಯದ್ದು ಎಷ್ಟೇ ದಪ್ಪ ಕಂಡ್ರೂ ಕೊನೆಗೆ ಇಡಿ, ಅಲ್ಲಿ ಅಡಿಯಲ್ಲೇ ಆರ್ಟರಿ (ಹೃದಯದಿಂದ ರಕ್ತ ತರುವ ನಾಳ) ಉಂಟು, ಪಕ್ಕದಲ್ಲಿ ನರ್ವ್ ಉಂಟು. ಮಣಿಕಟ್ಟಿನ ಒಳಬದಿ ಬೇಡವೇ ಬೇಡ. ಶುಗರ್ ಇರುವವರ ಪಾದಕ್ಕೆ ಡಾಕ್ಟರ್ ಹೇಳದೆ ಕೈ ಹಾಕ್ಬೇಡಿ.

ಮತ್ತೆ ಆ ಸ್ಟೀಲ್ ಬಟ್ಟಲಲ್ಲಿ ಸ್ಪಿರಿಟ್ ಹಾಕಿ ಬೆಳಗ್ಗಿಂದ ಸಂಜೆವರೆಗೆ ನೆನೆಸಿಡುವ ಹತ್ತಿ ಉಂಟಲ್ಲ, ಅದನ್ನು ನಿಲ್ಲಿಸಿ. ಎಲ್ಲರ ಕೈ ಬಿದ್ದು ಬಿದ್ದು ಸ್ಪಿರಿಟ್ ಆರಿ ಹೋಗಿ ಅದರಲ್ಲೇ ಕೀಟಾಣು ಇರ್ತದೆ. ಪ್ಯಾಕೆಟ್ ಸ್ವ್ಯಾಬ್ ಇದ್ರೆ ಅದು, ಇಲ್ಲದಿದ್ರೆ ಆಗಾಗ ಒಣ ಹತ್ತಿಗೆ 70 ಪರ್ಸೆಂಟ್ ಆಲ್ಕೋಹಾಲ್ ಹಾಕಿಕೊಳ್ಳಿ. ಒರೆಸಿ 30 ಸೆಕೆಂಡ್ ಒಣಗ್ಲಿಕ್ಕೆ ಬಿಡಿ, ಬಾಯಿಂದ ಊದ್ಲಿಕ್ಕಿಲ್ಲ, ಕೈಯಲ್ಲಿ ಗಾಳಿ ಹಾಕ್ಲಿಕ್ಕಿಲ್ಲ, ಮತ್ತೆ ಆ ಜಾಗ ಮುಟ್ಲಿಕ್ಕಿಲ್ಲ. ಮುಟ್ಟಿದ್ರೆ ಪುನಃ ಒರೆಸಿ. ಒದ್ದೆ ಇರುವಾಗ ಚುಚ್ಚಿದ್ರೆ ಪೇಷಂಟಿಗೆ ಉರಿ, ಸ್ಯಾಂಪಲ್ ಹೀಮೊಲೈಸ್ (ಕೆಂಪುಕಣ ಒಡೆದು ಹಾಳು).

ಅವಸರದಪ್ಪ
ಓದೋಕೆ ಚೆನ್ನಾಗಿದೆ ಮೇಡಂ. ಬೆಂಗಳೂರಲ್ಲಿ ಬೆಳಗ್ಗೆ ಏಳಕ್ಕೇ ಬಾಗಿಲ ತನಕ ಕ್ಯೂ ಇರುತ್ತೆ, ಎಲ್ರಿಗೂ ಆಫೀಸ್ ಟೈಮ್, ಮ್ಯಾನೇಜರ್ ಹಿಂದೆ ನಿಂತು ವಾಚ್ ನೋಡ್ತಾನೆ. ಒಬ್ಬೊಬ್ರಿಗೆ 30 ಸೆಕೆಂಡ್ ಸ್ಪಿರಿಟ್ ಒಣಗ್ಲಿ ಅಂತ ಕೂತ್ರೆ ನನ್ ಕೆಲಸ ಹೋಗುತ್ತೆ.

ಲ್ಯಾಬಣ್ಣ_ಮೈಸೂರು
ಅವಸರದಪ್ಪಣ್ಣ, ಸುಮ್ನೆ ಕೂರು ಅಂತ ಯಾರಂದ್ರು? ಟರ್ನಿಕೆಟ್ ಕಟ್ಟು, ವೇನ್ ನೋಡ್ಕೋ, ಬಿಚ್ಚು. ಸ್ಪಿರಿಟ್ ಹಚ್ಚು. ಅದು ಒಣಗೋ ಟೈಮಲ್ಲಿ ಹೆಸರು ಇನ್ನೊಂದ್ಸಲ ಕೇಳು, ಟ್ಯೂಬ್ ಸಾಲಾಗಿ ಜೋಡಿಸು, ಹತ್ತಿ ತೆಗೆದಿಡು. ಅಷ್ಟೊತ್ತಿಗೆ ಒಣಗಿರುತ್ತೆ, ಮತ್ತೆ ಕಟ್ಟಿ ಚುಚ್ಚು. ಒಂದ್ ಸೆಕೆಂಡೂ ದಂಡ ಆಗಲ್ಲ, ಟರ್ನಿಕೆಟ್ಟೂ ನಿಮಿಷದೊಳಗೇ ಮುಗಿಯುತ್ತೆ. ಹೀಮೊಲೈಸ್ ಆಗಿ ಅದೇ ಪೇಷಂಟ್‌ನ ಮಧ್ಯಾಹ್ನ ಫೋನ್ ಮಾಡಿ ವಾಪಸ್ ಕರೆಸ್ಕೊಂಡಾಗ ಹೋಗೋ ಟೈಮ್ ನಿಮ್ ಮ್ಯಾನೇಜರ್ ಲೆಕ್ಕದಲ್ಲಿ ಇದ್ಯಾ ಕೇಳಿ ನೋಡು.

ಅವಸರದಪ್ಪ
ಅದು ಪಾಯಿಂಟು. ಕಟ್ಟಿ ಬಿಚ್ಚಿ ಕಟ್ಟೋದು ಟ್ರೈ ಮಾಡ್ತೀನಿ.

ಸ್ಲೈಡ್_ನೋಡೋರು
ಪ್ಯಾಥಾಲಜಿಸ್ಟ್ ಆಗಿ ಈ ಕಡೆಯಿಂದ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಕಲೆಕ್ಷನ್ ರೂಮಲ್ಲಿ ಆಗೋದೆಲ್ಲ ಕೊನೆಗೆ ನಮ್ಮ ಟೇಬಲ್ ಮೇಲೆ ಬಂದು ಕೂರುತ್ತೆ.

ಟ್ಯೂಬ್ ಕ್ರಮ ಯಾರ ಇಷ್ಟದ ಪ್ರಶ್ನೇನೂ ಅಲ್ಲ. ಬ್ಲಡ್ ಕಲ್ಚರ್ ಇದ್ರೆ ಅದೇ ಮೊದಲು. ಆಮೇಲೆ ತಿಳಿನೀಲಿ ಸಿಟ್ರೇಟ್, ಆಮೇಲೆ ರೆಡ್ ಅಥವಾ ಹಳದಿ, ಆಮೇಲೆ ಹಸಿರು ಹೆಪಾರಿನ್, ಆಮೇಲೆ ಪರ್ಪಲ್ ಇಡಿಟಿಎ, ಕೊನೆಗೆ ಬೂದುಬಣ್ಣದ ಫ್ಲೋರೈಡ್. ಪರ್ಪಲ್ ಮೊದಲು ತುಂಬಿಸೋ ಸೀನಿಯರ್‌ಗೆ ಹೇಳಿ: ಆ ಟ್ಯೂಬಲ್ಲಿರೋದು ಪೊಟಾಷಿಯಂ ಉಪ್ಪಿನ ರೂಪದ ಇಡಿಟಿಎ, ಅಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ರಾಸಾಯನಿಕ. ಸೂಜಿ ತುದಿಲಿ ಒಂಚೂರು ಅಂಟ್ಕೊಂಡು ಮುಂದಿನ ರೆಡ್ ಟ್ಯೂಬ್‌ಗೆ ಹೋದ್ರೆ ಪೊಟಾಷಿಯಂ ಮೇಲೆ, ಕ್ಯಾಲ್ಸಿಯಂ ಕೆಳಗೆ. ರಿಪೋರ್ಟ್ ನೋಡಿದ ಡ್ಯೂಟಿ ಡಾಕ್ಟರ್ ಹಾರ್ಟ್ ನಿಲ್ಲುತ್ತೇನೋ ಅಂತ ಓಡಿ ಬರ್ತಾರೆ, ಹೋಗಿ ನೋಡಿದ್ರೆ ಪೇಷಂಟ್ ಇಡ್ಲಿ ತಿಂತಾ ಕೂತಿರ್ತಾರೆ. ಇದಕ್ಕಿಂತ ಕೆಟ್ಟದ್ದು ಅಂದ್ರೆ ಪರ್ಪಲ್ ಜಾಸ್ತಿ ಆಯ್ತು ಅಂತ ಅದ್ರಿಂದ ರೆಡ್‌ಗೆ ಸುರಿಯೋದು. ಅದನ್ನ ದಯವಿಟ್ಟು ಯಾರೂ ಮಾಡ್ಬೇಡಿ.

ಸಿಟ್ರೇಟ್ ಟ್ಯೂಬಲ್ಲಿ 9 ಪಾಲು ರಕ್ತಕ್ಕೆ 1 ಪಾಲು ದ್ರಾವಣ. ಗೆರೆ ತನಕ ತುಂಬ್ಲಿಲ್ಲ ಅಂದ್ರೆ ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಅಂತ ನೋಡೋ ಟೆಸ್ಟ್) ಸುಳ್ಳೇ ಜಾಸ್ತಿ ಬರುತ್ತೆ, ಅದನ್ನ ನಂಬಿ ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ಡೋಸ್ ಇಳಿಸ್ತಾರೆ. ಬಟರ್‌ಫ್ಲೈ ಸೂಜಿಲಿ ತೆಗೆಯೋದಾದ್ರೆ ಅದರ ಪೈಪಲ್ಲಿರೋ ಗಾಳಿ ಮೊದಲ ಟ್ಯೂಬ್‌ಗೆ ಹೋಗಿ ರಕ್ತ ಕಮ್ಮಿ ಬೀಳುತ್ತೆ, ಅದಕ್ಕೆ ಮೊದಲು ಒಂದು ಖಾಲಿ ಟ್ಯೂಬ್‌ಗೆ ಸ್ವಲ್ಪ ಎಳೆದು ಬಿಸಾಕಿ.

ಇನ್ನು ಡೆಂಗಿ ಸೀಸನ್ ಕಥೆ. ಪ್ಲೇಟ್‌ಲೆಟ್ 30 ಸಾವಿರ ಅಂತ ರಿಪೋರ್ಟ್ ಹೋಗುತ್ತೆ, ಮನೆಯವ್ರು ಅಳ್ತಾ ಪ್ಲೇಟ್‌ಲೆಟ್ ಹುಡುಕ್ಕೊಂಡು ಊರೆಲ್ಲಾ ಅಲೀತಾರೆ, ಸ್ಲೈಡ್ ಹಾಕಿ ನೋಡಿದ್ರೆ ಪ್ಲೇಟ್‌ಲೆಟ್ ಎಲ್ಲಾ ಗುಂಪುಗುಂಪಾಗಿ ಅಂಟ್ಕೊಂಡು ಸ್ಮಿಯರ್ ಅಂಚಲ್ಲಿ ಕೂತಿದೆ. ನಿಧಾನಕ್ಕೆ ಹನಿಹನಿ ಬಂದ ರಕ್ತ, ಸಿರಿಂಜಲ್ಲೇ ಎರಡು ನಿಮಿಷ ಇಟ್ಕೊಂಡ ರಕ್ತ, ಟ್ಯೂಬ್‌ಗೆ ಹಾಕಿ ತಿರುಗಿಸದೇ ಬಿಟ್ಟ ರಕ್ತ, ಎಲ್ಲಾ ಹೀಗೇ. ಪರ್ಪಲ್ ತುಂಬಿದ ತಕ್ಷಣ 8-10 ಸಲ ಮೆಲ್ಲಗೆ ತಲೆಕೆಳಗು ಮಾಡಿ ನೇರ ಮಾಡಿ. ಶೇಕ್ ಮಾಡ್ಬೇಡಿ, ಕೆಂಪುಕಣ ಒಡೆಯುತ್ತೆ. ಕೆಲವರ ರಕ್ತ ಮಾತ್ರ ಸರಿಯಾಗಿ ತೆಗೆದ್ರೂ ಇಡಿಟಿಎಗೇ ಗುಂಪುಗಟ್ಟುತ್ತೆ, ಅವ್ರಿಗೆ ಸಿಟ್ರೇಟ್ ಟ್ಯೂಬಲ್ಲಿ ತೆಗೆದು ಬಂದ ಕೌಂಟನ್ನ 1.1ರಿಂದ ಗುಣಿಸ್ತೀವಿ.

ಸಿರಿಂಜಲ್ಲಿ ತೆಗೆಯೋರು ಪ್ಲಂಜರ್ ಜೋರಾಗಿ ಎಳೀಬೇಡಿ. ಟ್ಯೂಬ್‌ನ ಎಡಗೈಲಿ ಹಿಡ್ಕೊಂಡು ಬಲಗೈಲಿ ಸೂಜಿ ಸಮೇತ ರಬ್ಬರ್ ಮುಚ್ಚಳಕ್ಕೆ ಚುಚ್ಚೋದೂ ಬೇಡ, ಸೂಜಿ ಜಾರಿ ಹೋಗೋದು ನಿಮ್ಮ ಎಡಗೈ ಹೆಬ್ಬೆರಳಿಗೇ. ಟ್ಯೂಬ್ ಸ್ಟ್ಯಾಂಡಲ್ಲಿರಲಿ, ಒಂದೇ ಕೈಲಿ ಚುಚ್ಚಿ, ಒಳಗಿನ ವ್ಯಾಕ್ಯೂಮ್ ತಾನೇ ಎಳ್ಕೊಳ್ಳಲಿ, ಒತ್ತಬೇಡಿ. ವ್ಯಾಕ್ಯುಟೈನರ್ (ಸೂಜಿಯಿಂದ ನೇರ ಟ್ಯೂಬ್‌ಗೇ ರಕ್ತ ಎಳೆಯೋ ಸೆಟ್) ಇದ್ರೆ ಈ ಗೋಳೇ ಇಲ್ಲ.

ಅಮ್ಮನ_ಮಗಳು
ನಾನು ಲ್ಯಾಬ್‌ನವಳಲ್ಲ, ಡಯಾಲಿಸಿಸ್ ಪೇಷಂಟ್ ಮನೆಯವಳು. ಅಮ್ಮನಿಗೆ ಎಡಗೈಲಿ ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ಆಪರೇಷನ್ ಮಾಡಿ ಜೋಡಿಸಿರೋ ರಕ್ತನಾಳ) ಇದೆ. ಪ್ರತಿ ಸಲ ಹೊಸಬ್ರು ಬಂದು "ಅಬ್ಬಾ ಈ ಕೈಲಿ ನರ ಎಷ್ಟು ಚೆನ್ನಾಗಿ ಉಬ್ಬಿದೆ" ಅಂತ ಟರ್ನಿಕೆಟ್ ತರ್ತಾರೆ, ನಾನು ಅಡ್ಡ ಕೈ ಹಾಕ್ಬೇಕು. ಆ ಕೈಗೆ ಬಿಪಿ ಪಟ್ಟಿ ಕೂಡ ಕಟ್ಟಬಾರದು, ಬ್ಲಾಕ್ ಆದ್ರೆ ಇನ್ನೊಂದು ಆಪರೇಷನ್. ಬಲಗೈಲೂ ಆದಷ್ಟು ಅಂಗೈ ಹಿಂಭಾಗದ ನರದಲ್ಲೇ ತಗೊಳ್ಳಿ ಅಂತ ನೆಫ್ರಾಲಜಿ ಡಾಕ್ಟರ್ ಹೇಳಿದಾರೆ, ಮೇಲಿನ ನರಗಳು ಮುಂದೆ ಬೇಕಾಗ್ಬೋದು ಅಂತ. ಕಿಡ್ನಿ ತೊಂದರೆ ಶುರುವಾಗಿರೋರಿಗೂ ಇದೇ ಅಂತೆ. ಹೊಸದಾಗಿ ಸೇರೋ ಮಕ್ಕಳಿಗೆ ಒಂದೇ ಮಾತು, ಚುಚ್ಚೋಕೆ ಮುಂಚೆ ತೋಳು ಪೂರ್ತಿ ಮೇಲೇರಿಸಿ ನೋಡಿ. ಸೀರೆ ರವಿಕೆ ತೋಳಿನೊಳಗೆ, ಫುಲ್ ಶರ್ಟ್ ಒಳಗೆ ಏನಿದೆ ಅಂತ ಕಾಣಲ್ಲ. ಮೇಲೆ ಕೈ ಆಡಿಸಿದ್ರೆ ಜುಮ್ ಅಂತ ಅದುರೋದು ಗೊತ್ತಾಗುತ್ತೆ, ಹಾಗಿದ್ರೆ ಅದು ಫಿಸ್ಟುಲಾ, ಬಿಡಿ.

ಹಾವೇರಿಹುಡುಗ
ಅಕ್ಕಾರ, ಇದು ಕಾಲೇಜಿನ್ಯಾಗ ಒಂದ್ ಸಾಲಿನ್ಯಾಗ ಹೇಳಿ ಬಿಟ್ಟಿದ್ರು, ಕೈ ಹಚ್ಚಿ ನೋಡೂದು ಹೇಳಿರಲಿಲ್ಲ. ಭಾಳ ಉಪಕಾರ ಆತು.

ಇನ್ನೊಂದು ಕೇಳೂದಿತ್ತು. ಚುಚ್ಚಿದಾಗ ಪೇಷಂಟ್ "ಕರೆಂಟ್ ಹೊಡದಂಗಾತು" ಅಂದ್ರ ಏನ್ ಮಾಡೂದು? ಮತ್ತ ಎಚ್ಚರ ತಪ್ಪಿ ಬಿದ್ರ?

ಕುಡ್ಲ_ಸಿಸ್ಟರ್
ಕರೆಂಟ್ ಹೊಡೆದ ಹಾಗೆ ಬೆರಳುವರೆಗೆ ಜುಂಯ್ ಅಂದ್ರೆ ನರ್ವ್ ತಾಗಿದೆ. ಟರ್ನಿಕೆಟ್ ಬಿಚ್ಚಿ ಸೂಜಿ ಆಗಲೇ ತೆಗೀರಿ. "ಇನ್ನು ಸ್ವಲ್ಪ ತಡ್ಕೊಳ್ಳಿ ಬರ್ತಾ ಉಂಟು" ಹೇಳುವ ಮಾತೇ ಇಲ್ಲ, ಒಳಗೇ ಸೂಜಿ ಅತ್ತ ಇತ್ತ ತಿರುಗಿಸುವುದಂತೂ ಇಲ್ಲವೇ ಇಲ್ಲ, ನರ್ವ್ ಪೆಟ್ಟಾಗುವುದು ಹೆಚ್ಚಾಗಿ ಹಾಗೆ ಹುಡುಕುವಾಗಲೇ. ಡಾಕ್ಟರಿಗೆ ಹೇಳಿ, ಬರೆದಿಡಿ. ಕೆಂಪು ಹೊಳೆಯುವ ರಕ್ತ ತಾನಾಗಿ ಚಿಮ್ಮಿ ಚಿಮ್ಮಿ ಬಂದ್ರೆ ಆರ್ಟರಿ, ಸೂಜಿ ತೆಗೆದು ನೀವೇ 5 ನಿಮಿಷಕ್ಕಿಂತ ಜಾಸ್ತಿ ಗಟ್ಟಿ ಒತ್ತಿ ಹಿಡೀರಿ, ಪೇಷಂಟ್ ಕೈಗೆ ಕೊಡ್ಬೇಡಿ.

ತಲೆ ಸುತ್ತುವವರು ಮೊದಲೇ ಗೊತ್ತಾಗ್ತಾರೆ: ಮುಖ ಬಿಳಿಚ್ತದೆ, ಹಣೆಯಲ್ಲಿ ಬೆವರು, ಆಕಳಿಕೆ, ಮಾತು ನಿಲ್ತದೆ. ಸೂಜಿ ತೆಗೆದು ಮಲಗಿಸಿ, ಕಾಲು ಎತ್ತರಕ್ಕೆ. ಬಾಯಿಗೆ ನೀರು ಹುಯ್ಲಿಕ್ಕೆ, ಮೂಗಿಗೆ ಈರುಳ್ಳಿ ಹಿಡೀಲಿಕ್ಕೆ, ಕೈಗೆ ಕೀ ಕೊಡ್ಲಿಕ್ಕೆ ಕ್ಯೂನಲ್ಲಿದ್ದವರೆಲ್ಲ ಬರ್ತಾರೆ, ಅವರನ್ನು ಆಚೆ ಕಳಿಸಿ. ಎಚ್ಚರ ಬಂದ ಕೂಡಲೇ ಎದ್ದು ಹೋಗ್ಲಿಕ್ಕೆ ಬಿಡ್ಬೇಡಿ, ಮೆಟ್ಟಿಲಲ್ಲಿ ಪುನಃ ಬಿದ್ದು ತಲೆ ಒಡೆದುಕೊಳ್ಳುವುದು ಆವಾಗ್ಲೇ. ಕೈ ಇಡುವ ಹಲಗೆ ಇರುವ ಕುರ್ಚಿ ಬೇಕು, ಸ್ಟೂಲ್ ಮೇಲೆ ಕೂರಿಸಿ ರಕ್ತ ತೆಗೀಬೇಡಿ. ಒಮ್ಮೆ ಬಿದ್ದವರು ಅಂತ ಹೇಳಿದ್ರೆ ಮಲಗಿಸಿಯೇ ತೆಗೀರಿ.

ಸಣ್ಣದು ಇನ್ನೊಂದು. ಸೂಜಿ ತೆಗೆಯುವ ಮೊದಲು ಟರ್ನಿಕೆಟ್ ಬಿಚ್ಚಿರ್ಬೇಕು. ಒಣ ಹತ್ತಿ ಇಟ್ಟು ಕೈ ನೇರ ಇಟ್ಟೇ ಒತ್ಲಿಕ್ಕೆ ಹೇಳಿ. "ಕೈ ಮಡಚಿ ಹಿಡೀರಿ" ಅಂತ ನಮ್ಮ ರಾಜ್ಯದ ಎಲ್ಲಾ ಲ್ಯಾಬಲ್ಲೂ ಹೇಳ್ತಾರೆ, ಮಡಚಿದ್ರೆ ಒತ್ತು ಸರಿ ಬೀಳುವುದಿಲ್ಲ, ಕೈ ಬಿಡಿಸುವಾಗ ಕಟ್ಟಿದ ರಕ್ತ ಬಿಟ್ಟು ಒಳಗೇ ಸೋರಿ ನೀಲಿಗಟ್ಟುತ್ತದೆ. ರಕ್ತ ತೆಳು ಮಾತ್ರೆಯವರಿಗೆ, ಪ್ಲೇಟ್‌ಲೆಟ್ ಕಮ್ಮಿ ಇರುವವರಿಗೆ 5 ನಿಮಿಷ ಒತ್ತಿ, ಹತ್ತಿ ಎತ್ತಿ ನೋಡಿ, ನಿಂತ ಮೇಲೆಯೇ ಪ್ಲಾಸ್ಟರ್.

ಬೈಕ್_ಕಲೆಕ್ಷನ್
ಹೋಮ್ ಕಲೆಕ್ಷನ್ ಮಾಡೋ ನಮ್ಮಂಥವ್ರ ಕಷ್ಟ ಬೇರೆ ಗುರು. ಸೋಫಾ ಮೇಲೆ ಕೂತಿರ್ತಾರೆ, ಲೈಟ್ ಇರಲ್ಲ, ನಾಯಿ ಬಂದು ಕಾಲು ಮೂಸುತ್ತೆ, ಅಜ್ಜಿ ಕೈ ಚರ್ಮ ಜಾರುತ್ತೆ. ನಾನ್ ಮಾಡೋದು ಇಷ್ಟು: ಊಟದ ಟೇಬಲ್ ಹತ್ರ, ಕೈ ಇಡೋ ಕುರ್ಚಿಲಿ ಕೂರಿಸ್ತೀನಿ, ಕೈ ಕೆಳಗೆ ದಿಂಬು, ನಾಯಿ ರೂಮಿಗೆ. ವಯಸ್ಸಾದವ್ರಿಗೆ 23 ಗೇಜಿನ ಸಣ್ಣ ಬಟರ್‌ಫ್ಲೈ, ಮಿಕ್ಕವ್ರಿಗೆ 21 ಅಥವಾ 22. ಹೆಬ್ಬೆರಳಲ್ಲಿ ಕೆಳಗಡೆಗೆ ಚರ್ಮ ಎಳೆದು ಬಿಗಿ ಹಿಡಿದ್ರೆ ಅಜ್ಜಿ ವೇನ್ ಓಡಲ್ಲ, ಸೂಜಿ ಬಾಯಿ ಮೇಲ್ಮುಖ, 30 ಡಿಗ್ರಿಗಿಂತ ಕಮ್ಮಿ ಮಲಗಿಸಿ ಹಾಕ್ಬೇಕು, ಅವ್ರಿಗೆ ಇನ್ನೂ ಚಪ್ಪಟೆಯಾಗಿ. ಎರಡ್ಸಲ ಸಿಗ್ಲಿಲ್ಲ ಅಂದ್ರೆ ಮೂರನೇದು ನಾನು ಹಾಕಲ್ಲ, ಬೇರೆಯವ್ರನ್ನ ಕಳಿಸ್ತೀನಿ ಅಂತೀನಿ. ಮನೆಯವ್ರು ಬೇಜಾರ್ ಮಾಡ್ಕೊಳ್ಳಲ್ಲ, ಹಾಕ್ತಾನೇ ಇದ್ರೆ ಮಾಡ್ಕೊಳ್ತಾರೆ.

ಸೂಜಿ ಮಾತ್ರ ಯಾವತ್ತೂ ಆ ಮನೆ ಡಸ್ಟ್‌ಬಿನ್‌ಗೆ ಹಾಕಬಾರದು, "ಅಲ್ಲೇ ಹಾಕಪ್ಪಾ ಪರ್ವಾಗಿಲ್ಲ" ಅಂತಾರೆ, ಬೆಳಗ್ಗೆ ಕಸದ ಗಾಡಿಲಿ ಬರಿಗೈಲಿ ಕಸ ಬೇರೆ ಮಾಡೋ ಅಕ್ಕನ ಕೈಗೆ ಚುಚ್ಚುತ್ತೆ. ಗಟ್ಟಿ ಡಬ್ಬ ಬ್ಯಾಗಲ್ಲೇ ಇರುತ್ತೆ, ರಕ್ತದ ಹತ್ತಿನೂ ನಾನೇ ವಾಪಸ್ ತರ್ತೀನಿ.

ಕೌನ್ಸೆಲರ್_ಕಲಬುರಗಿ
ಕ್ಯಾಪ್ ಜಗಳದ ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕ ನಾ ಬರೀಲಿಕತ್ತೀನಿ. ಐಸಿಟಿಸಿ (ಎಚ್‌ಐವಿ ಪರೀಕ್ಷೆ, ಸಲಹೆ ಕೊಡೋ) ಸೆಂಟರಿನ್ಯಾಗ ಕೆಲಸ ಮಾಡ್ತೀನಿ, ಸೂಜಿ ಚುಚ್ಚಿಕೊಂಡು ಅಳಕೋತ ಬರೋ ಸ್ಟಾಫ್ ನಮ್ಮ ಕಡೀನೇ ಬರ್ತಾರ. ಭಾಳ ಮಂದಿ ಹೇಳೋದು ಒಂದೇ, "ಕ್ಯಾಪ್ ಹಾಕ್ಲಿಕ್ಕೆ ಹೋದೆ ಮೇಡಂ". ಎರಡು ಕೈಲೆ ಕ್ಯಾಪ್ ಹಾಕೋದು ಬ್ಯಾಡ, ಮುಗೀತು. ಸೂಜಿ ಬೆಂಡ್ ಮಾಡೋದೂ ಬ್ಯಾಡ. ಕಟರ್‌ಗೆ ಹಾಕ್ರಿ, ಇಲ್ಲಾ ಸೀದಾ ಸೂಜಿ ಹಾಕೋ ಬಿಳಿ ಡಬ್ಬಿಗೆ. ಹಾಕಲೇಬೇಕಾದ ಪ್ರಸಂಗ ಬಂದ್ರ ಕ್ಯಾಪ್ ಟೇಬಲ್ ಮ್ಯಾಲ ಮಲಗಿಸಿ ಒಂದೇ ಕೈಲೆ ಸೂಜಿ ತೂರಿಸಿ ಎತ್ರಿ.

ಚುಚ್ಚೇ ಬಿಡ್ತು ಅಂತ ತಿಳ್ಕೋರಿ. ಸೋಪು ನೀರಿನ್ಯಾಗ ತೊಳೀರಿ. ಹಿಂಡಬ್ಯಾಡ್ರಿ, ಬೆರಳು ಬಾಯಿಗೆ ಹಾಕಬ್ಯಾಡ್ರಿ, ಸ್ಪಿರಿಟ್ ಬ್ಲೀಚಿಂಗ್ ಸುರೀಬ್ಯಾಡ್ರಿ. ಕಣ್ಣಿಗೆ ಸಿಡಿದ್ರ ಬರೀ ನೀರು. ಆಮ್ಯಾಲ ಮುಚ್ಚಿಡದೆ ಇನ್‌ಚಾರ್ಜ್‌ಗೆ ಹೇಳಿ ಡಾಕ್ಟರ್ ಕಡೆ ಹೋಗ್ರಿ, ನಾಳೆ ನೋಡೂಣು ಅನ್ನಬ್ಯಾಡ್ರಿ. ಎಚ್‌ಐವಿ ತಡೀಲಿಕ್ಕೆ ಮಾತ್ರೆ ಅದಾವ, ಮೊದಲ 2 ತಾಸಿನ್ಯಾಗ ಶುರು ಮಾಡಿದ್ರ ಭಾಳ ಛಲೋ, 72 ತಾಸು ದಾಟಿದ ಮ್ಯಾಲ ಉಪಯೋಗ ಇಲ್ಲ, 28 ದಿವಸ ಬಿಡದೆ ನುಂಗಬೇಕು. ಸರ್ಕಾರಿ ಆಸ್ಪತ್ರ್ಯಾಗ ಪುಕ್ಕಟೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಇಂಥಾ ಅಪಾಯದ ಕೆಲಸ ಮಾಡಿಸೋ ಸಂಸ್ಥೆನೇ ಟ್ರೇನಿಂಗ್, ರಕ್ಷಣಾ ಸಾಮಾನು, ಈ ಮಾತ್ರೆ ಎಲ್ಲಾ ಒದಗಿಸಬೇಕು, "ನಿನ್ನ ತಪ್ಪು ನೀನೇ ನೋಡ್ಕೋ" ಅಂತ ಅನ್ನಂಗಿಲ್ಲ.

ಎಲ್ಲಾರೂ ಎಚ್‌ಐವಿಗೆ ಅಂಜತಾರ. ಸೋಂಕಿರೋ ರಕ್ತದ ಸೂಜಿ ಚುಚ್ಚಿದ್ರ ಎಚ್‌ಐವಿ ಹತ್ತೋದು ಸುಮಾರು 0.3 ಪರ್ಸೆಂಟ್. ಹೆಪಟೈಟಿಸ್ ಬಿ ಆದ್ರ, ಲಸಿಕೆ ಇಲ್ಲದವರಿಗೆ 6ರಿಂದ 30 ಪರ್ಸೆಂಟ್. ಒಣಗಿದ ರಕ್ತದಾಗ ಆ ವೈರಸ್ ಕಡಿಮಿ ಅಂದ್ರೂ ಒಂದ್ ವಾರ ಇರ್ತದ, ರಕ್ತ ಹತ್ತಿದ ಟರ್ನಿಕೆಟ್ ಹಂಗೇ ಮುಂದಿನವರಿಗೆ ಕಟ್ಟಬ್ಯಾಡ್ರಿ ಅನ್ನೋದು ಅದಕ್ಕೇ. ಹಾವೇರಿ ತಮ್ಮಾ, ನೀ ಲಸಿಕೆ ಹಾಕಿಸಿಕೊಂಡೀಯೇನು? 0, 1, 6 ತಿಂಗಳಿಗೆ ಮೂರು ಡೋಸ್, ಮುಗಿದ ಒಂದೆರಡು ತಿಂಗಳಿಗೆ ಟೈಟರ್ (ಲಸಿಕೆ ಹತ್ತೇತೇನು ಅಂತ ನೋಡೋ ರಕ್ತದ ಟೆಸ್ಟ್) ಮಾಡಿಸು, 10ಕ್ಕಿಂತ ಮ್ಯಾಲ ಇರಬೇಕು.

ಹಾವೇರಿಹುಡುಗ
ಎರಡ್ ಡೋಸ್ ಆಗ್ಯಾವ್ರೀ ಮೇಡಂ, ಮೂರನೇದು ಮುಂದಿನ ತಿಂಗಳ. ಟೈಟರ್ ಮಾಡಸ್ಬೇಕಂತ ಯಾರೂ ಹೇಳಿರಲಿಲ್ಲ, ಬರಕೊಂಡೇನಿ.

ಕಾಡಂಚಿನ_ಲ್ಯಾಬ್
ಸಾಗರ-ಸೊರಬ ಕಡೆ ಪಿಎಚ್‌ಸಿ ಲ್ಯಾಬಿಂದ ಬರೀತಿದೀನಿ. ನಮ್ಮಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನಕಾಯಿಲೆ ಸೀಸನ್, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತು ಹಿಡಿದಿದ್ದು, ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅಂತ ಹೆಸರು. ಇದು ಲ್ಯಾಬಲ್ಲಿ ಕೆಲಸ ಮಾಡೋರಿಗೂ ತಗುಲಿದ ಇತಿಹಾಸ ಇದೆ ಮಾರಾಯ, ಹಾಗಾಗಿ ದರಗು (ಒಣ ಎಲೆ) ಬಾಚೋಕೆ ಹೋದವ್ರು, ದನ ಮೇಯಿಸೋಕೆ ಕಾಡಿಗೆ ಹೋದವ್ರು ಜ್ವರ ಅಂತ ಬಂದ್ರೆ ನಾವು ಅರ್ಧ ಮನಸ್ಸಲ್ಲಿ ರಕ್ತ ತೆಗೆಯೋ ಹಾಗಿಲ್ಲ. ಫುಲ್ ತೋಳಿನ ಗೌನು, ಗ್ಲೌಸು, ಮಾಸ್ಕು, ಕಣ್ಣಿಗೆ ಕನ್ನಡಕ. ಇವರಿಗೂ ಪ್ಲೇಟ್‌ಲೆಟ್ ಇಳಿಯುತ್ತೆ, ಚುಚ್ಚಿದ ಜಾಗ ಬೇಗ ನಿಲ್ಲಲ್ಲ.

ಸ್ಯಾಂಪಲ್ ಶಿವಮೊಗ್ಗದ ವೈರಸ್ ಡಯಾಗ್ನೋಸ್ಟಿಕ್ ಲ್ಯಾಬಿಗೆ ಹೋಗ್ಬೇಕು. ಟ್ಯೂಬ್ ಮುಚ್ಚಳ ಬಿಗಿ ಮಾಡಿ, ಸುತ್ತ ಹತ್ತಿ ಸುತ್ತಿ, ಸೋರದ ಗಟ್ಟಿ ಡಬ್ಬ, ಅದರ ಹೊರಗೆ ಐಸ್‌ಪ್ಯಾಕ್ ಇರೋ ಪೆಟ್ಟಿಗೆ. ಫಾರ್ಮನ್ನ ಟ್ಯೂಬ್‌ಗೇ ಸುತ್ತಿ ರಬ್ಬರ್‌ಬ್ಯಾಂಡ್ ಹಾಕೋ ಅಭ್ಯಾಸ ಇದೆ ನೋಡಿ, ಒಡೆದ್ರೆ ಕಾಗದವೂ ರಕ್ತ, ಅದನ್ನ ಬಿಡಿಸೋ ಗುಮಾಸ್ತರ ಕೈಯೂ ರಕ್ತ. ಪ್ರತ್ಯೇಕ ಕವರಲ್ಲಿ ಹಾಕಿ. ನೆಲಕ್ಕೆ ಚೆಲ್ಲಿದ್ರೆ ಒರೆಸೋ ಬಟ್ಟೆ ಹಾಕಿ ಮುಚ್ಚಿ, ಅದರ ಮೇಲೆ 1 ಪರ್ಸೆಂಟ್ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಹುಯ್ದು, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ತೆಗೀರಿ, ನೇರ ಮಾಪ್ ಹಾಕ್ಬೇಡಿ.

ಬಾಣಂತಿಮನೆ
ಮಗುವಿನ ಹಿಮ್ಮಡಿ ಚುಚ್ಚಿ ಟಿಎಸ್‌ಎಚ್‌ಗೆ (ಥೈರಾಯ್ಡ್ ಟೆಸ್ಟ್) ರಕ್ತ ತಗೊಂಡ್ರು, ಅಮ್ಮ ಇಲ್ಲಿ ಒಂದೇ ಗಲಾಟೆ, ಎಳೆ ಪಾದಕ್ಕೆ ಚುಚ್ಚೋದಾ ಅಂತ. ಸರಿನಾ ಇದು?

ಸ್ಲೈಡ್_ನೋಡೋರು
ಸರಿ ಇದೆ, ಅಜ್ಜಿಗೆ ಹೇಳಿ. ಹಿಮ್ಮಡಿ ಅಡಿಯ ಎರಡು ಪಕ್ಕದ ಅಂಚಲ್ಲಿ ಮಾತ್ರ ಚುಚ್ಚಬೇಕು, ಮಧ್ಯದಲ್ಲಿ ಹಿಂದುಗಡೆ ಮೂಳೆ ಹತ್ರ ಇರುತ್ತೆ. ಪಾದ ಬೆಚ್ಚಗೆ ಮಾಡಿ, ಮೊದಲ ಹನಿ ಒರೆಸಿ ಎರಡನೇದ್ರಿಂದ ತಗೋಬೇಕು. ಆ ಹೊತ್ತಲ್ಲಿ ತಾಯಿ ಹಾಲು ಕುಡಿಸ್ತಾ ಇದ್ರೆ ಮಗು ಅಳೋದೂ ಕಮ್ಮಿ.

ಹಾವೇರಿಹುಡುಗ
ಇಷ್ಟು ಹೇಳೀರಿ, ಯಾರಿಗೆ ಅಂತ ಧನ್ಯವಾದ ಹೇಳ್ಲಿ. ಕೊನೀದು ಒಂದು. ವಾರ್ಡಿನ್ಯಾಗ ಎರಡೂ ಕೈಗೆ ಡ್ರಿಪ್ ಇದ್ರ ಎಲ್ಲಿ ತಗೀಬೇಕು? ಮತ್ತ ಇವತ್ತ ಇನ್‌ಚಾರ್ಜ್ ಫೋನ್ ಮಾಡಿದ್ರು, ರೂಮಿಗೆ ಏನೇನ್ ಬೇಕು ಬರಕೊಂಡು ಬಾ ಅಂದಾರ.

ಲ್ಯಾಬಣ್ಣ_ಮೈಸೂರು
ಡ್ರಿಪ್ ಇರೋ ಜಾಗಕ್ಕಿಂತ ಮೇಲೆ ಯಾವತ್ತೂ ಬೇಡ, ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಹೋಗ್ತಿದ್ರೆ ಶುಗರ್ 500-600 ಬಂದು ಸುಮ್ನೆ ಇನ್ಸುಲಿನ್ ಹಾಕ್ಬಿಡ್ತಾರೆ. ಸಿಸ್ಟರ್‌ನ ಕೇಳಿ, ಡಾಕ್ಟರ್ ಒಪ್ಪಿದ್ರೆ ಡ್ರಿಪ್ ಕನಿಷ್ಠ 2 ನಿಮಿಷ ನಿಲ್ಲಿಸಿ, ಅದರ ಕೆಳಗಡೆಯಿಂದ ತೆಗೆದು, ಮೊದಲು ಬಂದ ರಕ್ತ ಸ್ವಲ್ಪ ಬಿಸಾಕಿ ಆಮೇಲಿಂದ ಟ್ಯೂಬ್‌ಗೆ. ಫಾರ್ಮಲ್ಲಿ ಅದನ್ನ ಬರಿ. ಡ್ರಿಪ್ ನೀನೇ ನಿಲ್ಲಿಸ್ಬೇಡ, ಮತ್ತೆ ಶುರು ಮಾಡೋದು ಮರೆತ್ರೆ ನಿನ್ ತಲೆಗೆ ಬರುತ್ತೆ.

ಪಟ್ಟಿಗೆ: ಎರಡ್ಮೂರು ಸೈಜಿನ ಗ್ಲೌಸು, ಕೈ ಇಡೋ ಹಲಗೆ ಇರೋ ಕುರ್ಚಿ, ಒಂದು ಮಂಚ, ಪ್ಯಾಕೆಟ್ ಸ್ವ್ಯಾಬ್, ಬಟರ್‌ಫ್ಲೈ ಸೂಜಿ, ಟ್ಯೂಬ್ ಸ್ಟ್ಯಾಂಡ್, ಸೂಜಿ ಕಟರ್, ಮಕ್ಕಳಿಗೆ ಚಿಕ್ಕ ಟ್ಯೂಬ್. 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸ್ ಪ್ರಕಾರ ಸೂಜಿಗೆ ಬಿಳಿ ಡಬ್ಬ, ರಕ್ತದ ಹತ್ತಿಗೆ ಹಳದಿ ಚೀಲ, ಸೂಜಿ ಕತ್ತರಿಸಿದ ಸಿರಿಂಜು ಮತ್ತೆ ಗ್ಲೌಸಿಗೆ ಕೆಂಪು. ಬಿಳಿ ಡಬ್ಬ ಕೂತಲ್ಲಿಂದ ಕೈಗೆ ಎಟುಕೋ ಕಡೆ ಇಡಿಸು, ರೂಮಿನ ಆ ಮೂಲೆಲಿಟ್ರೆ ಸೂಜಿ ಹಿಡ್ಕೊಂಡು ಜನರ ಮಧ್ಯೆ ನಡೀಬೇಕಾಗುತ್ತೆ. ಮುಕ್ಕಾಲು ತುಂಬಿದ ತಕ್ಷಣ ಮುಚ್ಚಿ ಹೊಸದು ತಗೋ, ಒಳಗೆ ಒತ್ತೋಕೆ ಹೋಗ್ಬೇಡ.

ಹಾವೇರಿಹುಡುಗ
ಮಂಚ ಕೇಳಿದ್ರ ಕೊಡ್ತಾರೋ ಇಲ್ಲೋ ನೋಡ್ತೀನ್ರೀ ಅಣ್ಣಾರ, ಉಳಿದದ್ದೆಲ್ಲ ಬರಕೊಂಡೇನಿ.

ಕುಡ್ಲ_ಸಿಸ್ಟರ್
ಮಂಚ ಇಲ್ಲದಿದ್ರೆ ಕ್ಯಾಶುವಲ್ಟಿಯಲ್ಲಿ ಹಳೆಯ ಸ್ಟ್ರೆಚರ್ ಒಂದು ಬಿದ್ದಿರ್ತದೆ, ಅದನ್ನು ಕೇಳಿ. ಬ್ರೇಕ್ ಸರಿ ಉಂಟಾ ನೋಡಿಯೇ ತನ್ನಿ.